ಸಿಸ್ಟರಮ್ಮನ ಕಾರಿನ ಬಲಬಾಗಿಲು

ಸ್ಕ್ರೂಡ್ರೈವರ್ ಬಾಗಿಲಿನೊಳಕ್ಕೆ ಹೋಯಿತು. ಹೋಗಬಾರದಿತ್ತು. ಬಾಗಿಲಿನ ತಳದಲ್ಲಿ ಪೇಂಟು ಉಗುರಿನಷ್ಟಗಲ ಉಬ್ಬಿದೆಯಲ್ಲ ಎಂದು ತುಕ್ಕಪ್ಪ ಸುಮ್ಮನೆ ತುದಿ ತಾಗಿಸಿದ್ದ, ಅಷ್ಟೇ. ತಗಡು ಚರಕ್ಕೆಂದು ಒಡೆದು ಸ್ಕ್ರೂಡ್ರೈವರ್ ಹಿಡಿಯವರೆಗೂ ನುಗ್ಗಿ ನಿಂತಿತು. ಅವನು ಬೆಚ್ಚಿ ಕೈ ಹಿಂತೆಗೆದ.

ಬೇರೆ ಯಾವ ಬಾಗಿಲಾಗಿದ್ದರೂ ಅವನು ಇಷ್ಟು ಬೆಚ್ಚುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಈ ಬಾಗಿಲಿಗೆ ಕನ್ನಡಿ ಕೂರಿಸಿದವನು ಅವನೇ.

ತುಕ್ಕಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಶೆಡ್ಡಿಗೆ ಕಾಲಿಟ್ಟವರಿಗೆಲ್ಲ ತುಕ್ಕಿನ ಪುರಾಣ ಬಿಚ್ಚುತ್ತಿದ್ದ, ಕಾರಿನ ತಗಡು ಕೆಲಸದ ಟಿಂಕರನಿಗೆ ಪಕ್ಕದ ಟೈರಿನಂಗಡಿಯವನು ಇಟ್ಟ ಹೆಸರು. ಈಗ ಹೆಂಡತಿಯೂ ಫೋನಿನಲ್ಲಿ ಹಾಗೇ ಅನ್ನುತ್ತಾಳೆ. ಹಳೆಯ ಕಾರುಗಳಿಗೆ ಕಂಪನಿಯಿಂದ ಬಾಗಿಲ ಕನ್ನಡಿ ಇರುತ್ತಿರಲಿಲ್ಲ. ಬೇಕಾದವರು ತಗಡಿಗೆ ತೂತು ಹೊಡೆಸಿ ಹಾಕಿಸಿಕೊಳ್ಳಬೇಕು. ತೂತು ಹೊಡೆಯುವವರು ಊರಲ್ಲಿ ಬೇಕಾದಷ್ಟಿದ್ದರು. ಆದರೆ ಹೊಡೆದ ತೂತಿನ ಅಂಚನ್ನು ಅರದಿಂದ ಉಜ್ಜಿ, ಒರೆಸಿ, ಎರಡು ಸಲ ಪ್ರೈಮರ್ ಹಚ್ಚಿ, ಅದು ಒಣಗುವವರೆಗೂ ಪಕ್ಕದಲ್ಲಿ ಸ್ಟೂಲು ಹಾಕಿ ಕಾಯುವ ಹುಚ್ಚ ಇವನೊಬ್ಬನೇ. ಕನ್ನಡಿಯ ಪಾದದಡಿ ರಬ್ಬರು, ತುಕ್ಕು ಹಿಡಿಯದ ಸ್ಕ್ರೂ, ಕೊನೆಗೆ ಅವನ ‘ಔಷಧ’. ಮೇಣ, ಗ್ರೀಸು ಎರಡನ್ನೂ ಡಬ್ಬದಲ್ಲಿ ಕಾಯಿಸಿ ಬಿಸಿಬಿಸಿಯಾಗಿ ಬಾಗಿಲಿನೊಳಗೆ ಸುರಿಯುತ್ತಿದ್ದ. ಆಮೇಲೆ ಒಳಗಡೆ, ಯಾರಿಗೂ ಕಾಣದ ಕಡೆ, ಪಂಚ್ ಎಂಬ ಮೊನಚು ಉಳಿಯಿಂದ ಮೂರು ಚುಕ್ಕೆ ಒತ್ತುತ್ತಿದ್ದ. ಅದು ಅವನ ಸಹಿ.

ಅವನ ಜಂಬವನ್ನೂ ಹೇಳಿಬಿಡಬೇಕು. ರಸ್ತೆಯಲ್ಲಿ ತಾನು ಕನ್ನಡಿ ಹಾಕಿದ ಕಾರು ಹೋದರೆ ಸಾಕು, ಪಕ್ಕದಲ್ಲಿ ಇರುವವರನ್ನು ಮೊಣಕೈಯಿಂದ ತಿವಿದು “ಅದು ಮಾಡಿದ್ದು ನಾನೇ” ಅನ್ನುತ್ತಿದ್ದ. ಮಗಳ ಮದುವೆಯ ಫೋಟೋ ತೆಗೆಯುವಾಗಲೂ ತಿವಿದಿದ್ದ. ಫೋಟೋದಲ್ಲಿ ಬೀಗರ ಮುಖ ಇವತ್ತಿಗೂ ಸೊಟ್ಟಗಿದೆ.

ಆವತ್ತು ಬೆಳಿಗ್ಗೆ ನಿವೃತ್ತ ನರ್ಸ್ ಒಬ್ಬರು ತಮ್ಮ ತಿಳಿನೀಲಿ ಕಾರನ್ನು ತಂದಿದ್ದರು. ಎಲ್ಲರಿಗೂ ಅವರು ಸಿಸ್ಟರಮ್ಮ. ಕಾರು ತೀರಿಹೋದ ಗಂಡನದು. ಬಲಬಾಗಿಲಿಗೆ ಆಗಲೇ ಕನ್ನಡಿ ಇತ್ತು, ಎಡಕ್ಕಿರಲಿಲ್ಲ.

“ಕತ್ತು ಎಡಕ್ಕೆ ತಿರುಗೋದೇ ಇಲ್ಲ ಯಜಮಾನ್ರೇ. ಈ ಕಡೆಗೂ ಒಂದು ಕನ್ನಡಿ ಹಾಕಿಕೊಡಿ. ಇಲ್ಲದಿದ್ರೆ ಡ್ರೈವಿಂಗ್ ಬಿಡು ಅಂತ ತಂಗಿ ತಲೆ ತಿಂತಾಳೆ.”

ತುಕ್ಕಪ್ಪ ಎಡಬಾಗಿಲಿನ ಒಳಪ್ಯಾಡ್ ಬಿಚ್ಚಿದ. ಒಳಗೆ ತಗಡು ನೆಟ್ಟಗಿತ್ತು, ತಳದಲ್ಲಿ ಒಂದಿಷ್ಟು ಧೂಳು, ಅಷ್ಟೇ. ತೂತು, ಅರ, ಪ್ರೈಮರು, ರಬ್ಬರು, ಎಲ್ಲ ಸಾಂಗವಾಗಿ ಮುಗಿಯಿತು. ಔಷಧದ ಡಬ್ಬ ಒಲೆಯ ಮೇಲೆ ಕರಗುತ್ತಿತ್ತು. ಅಷ್ಟರಲ್ಲಿ ಅವನಿಗೆ ಬೆನ್ನು ತಟ್ಟಿಸಿಕೊಳ್ಳುವ ಆಸೆಯಾಯಿತು.

“ಬನ್ನಿ ಸಿಸ್ಟರಮ್ಮ, ಮೂವತ್ತು ವರ್ಷದ ನನ್ನ ಕೆಲಸ ಹೇಗಿದೆ ಅಂತ ತೋರಿಸ್ತೀನಿ” ಎಂದು ಬಲಬಾಗಿಲಿನ ಕಡೆ ನಡೆದ. ಉಬ್ಬಿದ ಪೇಂಟು ಕಂಡಿದ್ದು ಆಗಲೇ.

ಪ್ಯಾಡ್ ಕಿತ್ತು ಟಾರ್ಚ್ ಬಿಟ್ಟ. ತಳವೆಲ್ಲ ಜರಡಿಯಾಗಿತ್ತು. ಕಂದು ಕೆಸರು, ಅದರಡಿ ಕಲ್ಲಿನಂತೆ ಗಟ್ಟಿಯಾದ ಹಳೇ ಮೇಣ.

“ಇದನ್ನ ಬೇರೆ ಯಾರೋ ಮುಟ್ಟಿದಾರೆ” ಎಂದ. ದನಿ ಅವನದೇ ಅನ್ನಿಸಲಿಲ್ಲ.

“ಯಾರೂ ಮುಟ್ಟಿಲ್ಲ. ನಮ್ಮೆಜಮಾನ್ರು ನಿಮ್ಮನ್ನ ಬಿಟ್ಟು ಇನ್ನೊಬ್ಬರ ಕೈಗೆ ಕೊಡ್ತಿದ್ರಾ?”

ಟಾರ್ಚು ಮೇಲೆ ಹೋಯಿತು. ಕನ್ನಡಿಯ ತೂತಿನ ಅಂಚು ಹೊಸದರಂತೆ ಹೊಳೆಯುತ್ತಿತ್ತು, ತುಕ್ಕಿನ ಒಂದು ಕಲೆಯೂ ಇಲ್ಲ. ಪಕ್ಕದಲ್ಲೇ ಮೂರು ಚುಕ್ಕೆ. ತೂತು ಕೆಟ್ಟಿಲ್ಲ, ಬಾಗಿಲು ಕೆಟ್ಟಿದೆ. ಯಾರೂ ಮುಟ್ಟದ ಎಡಬಾಗಿಲು ಚೆನ್ನಾಗಿದೆ, ತಾನು ಜೋಪಾನ ಮಾಡಿದ ಬಾಗಿಲು ಕೊಳೆತಿದೆ. ಇದು ಹೇಗೆ ಸಾಧ್ಯ?

ಅವನು ನೆಲದ ಮೇಲೆ ಮಲಗಿ ಕೆಳಗಿನಿಂದ ನೋಡಿದ. ಎಡಬಾಗಿಲಿನ ತಳದ ಮಡಿಕೆಯಲ್ಲಿ ಮೂರು ಸಣ್ಣ ಸೀಳುಗಳಿದ್ದವು. ಕಿಟಕಿ ಗಾಜಿನ ಪಕ್ಕದಿಂದ ಇಳಿದ ನೀರು ಹರಿದುಹೋಗಲೆಂದು ಕಂಪನಿಯವರೇ ಬಿಟ್ಟಿದ್ದು. ಬಲಬಾಗಿಲಿನಲ್ಲೂ ಮೂರಿದ್ದವು. ಮೂರರಲ್ಲೂ ಮೇಣ ತುಂಬಿತ್ತು.

“ಏನಾಯ್ತು, ಯಜಮಾನ್ರೇ?”

ಅವನು ಮಲಗಿದಲ್ಲಿಂದಲೇ ಹೇಳಿದ, “ನನ್ನ ಔಷಧ ಕೆಳಗಿಳಿದು ನೀರಿನ ದಾರಿ ಮುಚ್ಚಿದೆ. ಮೂವತ್ತು ವರ್ಷ ನೀರು ಒಳಗೇ ನಿಂತಿದೆ.”

“ಎಷ್ಟು ಹಾಕಿದ್ರಿ?”

“ಒಂದು ಡಬ್ಬ.”

“ಇಡೀ ಡಬ್ಬಾನಾ?” ಸಿಸ್ಟರಮ್ಮನ ದನಿ ವಾರ್ಡಿನಲ್ಲಿ ಹೊಸ ನರ್ಸುಗಳನ್ನು ಗದರಿಸುವ ದನಿಯಾಯಿತು. “ಅಳತೆ ಇಲ್ವಾ ನಿಮಗೆ? ಕೊಟ್ಟ ಮೇಲೆ ಒಂದು ಸಲಾನಾದ್ರೂ ಬಂದು ನೋಡಬೇಡ್ವಾ?”

ನೋಡಿರಲಿಲ್ಲ. ತನ್ನ ಕೈ ಬಿದ್ದ ಬಾಗಿಲನ್ನು ಮತ್ತೆ ಬಿಚ್ಚುವ ಅಗತ್ಯವೇನು ಎಂದುಕೊಂಡಿದ್ದ. ತಟ್ಟನೆ ಒಲೆಯ ನೆನಪಾಗಿ ಎದ್ದು ಓಡಿ, ಕರಗಿದ ಡಬ್ಬವನ್ನು ಬರಿಗೈಯಲ್ಲೇ ಎತ್ತಿ ಚರಂಡಿಗೆ ಎಸೆದ. ಕೈ ಸುಟ್ಟಿದ್ದು ಗೊತ್ತಾಗಲೂ ಇಲ್ಲ. ಸಿಸ್ಟರಮ್ಮ ಬೈಯುತ್ತಲೇ ಅವನ ಕೈಯನ್ನು ನಲ್ಲಿ ನೀರಿಗೆ ಹಿಡಿದರು.

“ನಮ್ಮೆಜಮಾನ್ರು ಸಾಯೋವರೆಗೂ ನಿಮ್ಮನ್ನ ಹೊಗಳಿದ್ರು” ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ತುಕ್ಕಪ್ಪ ಅತ್ತುಬಿಟ್ಟ.

“ತಳ ಕತ್ತರಿಸಿ ಹೊಸ ತಗಡು ಕೂರಿಸ್ತೀನಿ ಸಿಸ್ಟರಮ್ಮ. ನೀವು ಒಂದು ಪೈಸೆ ಕೊಡಬೇಡಿ.”

“ನನ್ನದಿರಲಿ. ಉಳಿದೋರ ಬಾಗಿಲು?”

ಅವನಿಗೆ ಆ ಕಾರುಗಳೆಲ್ಲ ಗೊತ್ತಿದ್ದವು. ಎಷ್ಟೋ ಜನರನ್ನು ತಿವಿದು ತಿವಿದು ತೋರಿಸಿದ್ದನಲ್ಲ! ಬೇಕರಿಯವರ ಬಿಳಿಯದು, ದಂತವೈದ್ಯರ ಹಸಿರು, ವಕೀಲರ ಕಪ್ಪು.

ಸುಟ್ಟ ಕೈಗೆ ಪಟ್ಟಿ ಕಟ್ಟಿಸಿಕೊಂಡು, ಜೇಬಿನಲ್ಲಿ ಒಂದು ಗಟ್ಟಿ ತಂತಿ ಇಟ್ಟುಕೊಂಡು, ಮಧ್ಯಾಹ್ನವೇ ಅವನು ವಕೀಲರ ಮನೆಯ ಗೇಟು ತಟ್ಟಿದ. ವಕೀಲರು ಇಬ್ಬರು ಕಕ್ಷಿದಾರರನ್ನು ಕಳಿಸಿಕೊಡಲು ಹೊರಗೇ ನಿಂತಿದ್ದರು.

“ಬಾರಯ್ಯಾ ತುಕ್ಕಪ್ಪ! ನೋಡಿ ಇವರೇ, ಕೆಲಸಗಾರ ಅಂದ್ರೆ ಇವನು. ಇವನು ಹಾಕಿದ ಕನ್ನಡಿ, ಇಪ್ಪತ್ತು ವರ್ಷ ಆಯ್ತು, ಅಲ್ಲಾಡಿಲ್ಲ!”

ಕಕ್ಷಿದಾರರು ಕನ್ನಡಿಯನ್ನು ಮುಟ್ಟಿ ಮೆಚ್ಚಿ ತಲೆದೂಗಿದರು. ತುಕ್ಕಪ್ಪನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಓಡಲಿಲ್ಲ. ಬಾಗಿಲಿನ ಪಕ್ಕ ಮಂಡಿಯೂರಿ ತಳದ ಸೀಳನ್ನು ಬೆರಳಿನಿಂದ ಹುಡುಕಿ ತಂತಿ ತೂರಿಸಿದ. ಮೇಣ ಪಟ್ಟೆಂದು ಬಿಟ್ಟುಕೊಂಡಿತು. ಕಂದು ನೀರು ಧಾರೆಯಾಗಿ ಅವನ ಮಂಡಿಯ ಮೇಲೆ, ಅಂಗಳದ ಮೇಲೆ, ವಕೀಲರ ಚಪ್ಪಲಿಯವರೆಗೂ ಹರಿಯಿತು. ನಿಲ್ಲುವ ಹಾಗೆಯೇ ಕಾಣಲಿಲ್ಲ.

ವಕೀಲರು ಹೌಹಾರಿ ಹಿಂದೆ ಸರಿದರು. “ಅಯ್ಯೋ, ಏನಯ್ಯಾ ಇದು? ಯಾರು ಮಾಡಿದ್ದು ಇದನ್ನ?”

ತುಕ್ಕಪ್ಪ ಈ ಸಲ ಯಾರನ್ನೂ ತಿವಿಯಲಿಲ್ಲ. ತಲೆಯನ್ನೂ ಎತ್ತಲಿಲ್ಲ.

“ಅದು ಮಾಡಿದ್ದು ನಾನೇ, ಸಾರ್.”