ನಂಜತ್ತೆಯ ಅರ್ಧಾಯುಷ್ಯ

ನಮ್ಮ ನಂಜತ್ತೆ ಕೋಳಿಯನ್ನು ಕನ್ನಡದಲ್ಲಿ, ನಾಯಿಯನ್ನು ತೆಲುಗಿನಲ್ಲಿ, ಬಸ್ ಕಂಡಕ್ಟರನನ್ನು ತಮಿಳಿನಲ್ಲಿ ಬೈಯುತ್ತಿದ್ದಳು. ಮೂರರಲ್ಲೂ ಒಟ್ಟಿಗೆ ಬೈಸಿಕೊಂಡವನು ನಾನೊಬ್ಬನೇ. ಅದಕ್ಕೆ ಕಾರಣ ಟೆಕ್ನೀಷಿಯಂ.

ಅಪ್ಪನ ಅಕ್ಕ ಅವಳು. ಮೂರು ಭಾಷೆ ಕೂಡುವ ಗಡಿಯೂರು ಗುಮ್ಮಳಾಪುರದಲ್ಲಿ ರಾಗಿ, ಅವರೆ ಬೆಳೆದುಕೊಂಡಿದ್ದಳು. ಎರಡು ಮನೆಯಾಚೆ ತಂಗಿ ಪಾಪತ್ತೆ. ಅಕ್ಕನ ಹಿದುಕಿದ ಬೇಳೆ ಸಾರನ್ನು "ಕೈ ತೊಳ್ದ ನೀರಂಗೈತೆ" ಅಂದಿದ್ದೇ ತಪ್ಪಾಗಿ, ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

ಒಮ್ಮೆ ಎದೆನೋವೆಂದು ನಂಜತ್ತೆಯನ್ನು ಹೃದಯದ ಸ್ಕ್ಯಾನ್ ಮಾಡಿಸಲು ಆಸ್ಪತ್ರೆಗೆ ಕರೆದೊಯ್ದೆ. ಬೆಳಿಗ್ಗೆ ಹತ್ತಕ್ಕೆ ಸೂಜಿ ಚುಚ್ಚಿದರು.

"ಏನ್ಲಾ ಅದು?"

ನಾನು ಹೊಸೂರಿನಲ್ಲಿ ವಿಜ್ಞಾನದ ಮೇಷ್ಟ್ರು. ಬಾಯಿ ಸುಮ್ಮನಿರುತ್ತದೆಯೇ? "ಟೆಕ್ನೀಷಿಯಂ ಅಂತ ಅತ್ತೆ, ಮನುಷ್ಯರೇ ತಯಾರಿಸೋ ಧಾತು. ಅರ್ಧಾಯುಷ್ಯ ಆರೇ ಗಂಟೆ."

ಅತ್ತೆ ಗಡಿಯಾರ ನೋಡಿದಳು. ಸ್ಕ್ಯಾನ್ ಮುಗಿದು ಊರು ಮುಟ್ಟುವವರೆಗೂ ಬೆರಳು ಮಡಿಸಿ ಏನೋ ಎಣಿಸುತ್ತಿದ್ದಳು. ಬಸ್ಸಿಳಿದವಳೇ ನೆಟ್ಟಗೆ ತಂಗಿಯ ಮನೆಗೆ ನುಗ್ಗಿದಳು.

"ಪಾಪಿ, ನಾಕು ಗಂಟೆಗೆ ನಾನು ಹೋಗ್ಬುಡ್ತೀನಿ ಕಣೆ. ಮೇಷ್ಟ್ರೇ ಹೇಳವ್ನೆ. ಅವತ್ತು ಸಾರು ನೀರಾಗಿದ್ದು ದಿಟ."

ಪಾಪತ್ತೆ ಕೈಯಲ್ಲಿದ್ದ ಮೊರ ಬಿಸಾಕಿ ಅಕ್ಕನನ್ನು ತಬ್ಬಿಕೊಂಡು ಅತ್ತಳು. "ಇಲ್ಲ ಕಣಕ್ಕಾ, ಚೆನ್ನಾಗೇ ಇತ್ತು. ಹೊಟ್ಟೆಕಿಚ್ಚಿಗೆ ಅಂದ್ಬುಟ್ಟೆ."

ನಾನು ನಡುವೆ ನುಗ್ಗಿದೆ. "ಅತ್ತೆ, ಅರ್ಧಾಯುಷ್ಯ ಆ ಮದ್ದಿಂದು! ಆರು ಗಂಟೇಲಿ ಅದರ ಶಕ್ತಿ ಅರ್ಧ ಆಗುತ್ತೆ, ಅಷ್ಟೇ. ನಿಂದಲ್ಲ."

"ಬುದ್ಧಿ ಐತೇನ್ಲಾ? ನೀಕು ಬುದ್ಧಿ ಉಂದಾ? ಉನಕ್ಕು ಬುದ್ಧಿ ಇರುಕ್ಕಾ?" ಎಂದು ಅತ್ತೆ ಮೊರ ಎತ್ತಿಕೊಂಡಳು. "ಎಪ್ಪತ್ತೆರಡು ವರ್ಷದ ಆಯುಸ್ಸಲ್ಲಿ ಇನ್ನೆಷ್ಟು ಗಂಟೆ ಉಳೀತೋ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕ್ಕೊಂಡ್ ಬಂದೆ!"

ಆಮೇಲೆ ಹೇಳಿದ ಮಾತು ವಾಪಸು ಪಡೆಯಲು ನೋಡಿದಳು. "ಸಾಯ್ತೀನಿ ಅಂತ ಒಪ್ಕೊಂಡಿದ್ದು. ಸಾರು ನೀರಾಗಿರ್ಲಿಲ್ಲ." ಪಾಪತ್ತೆ ಬಿಡಲಿಲ್ಲ. ಆ ಜಗಳ ಮಾತ್ರ ಇಬ್ಬರೂ ನಗುತ್ತ ಆಡಿದರು. ನಾಲ್ಕು ಗಂಟೆಗೆ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿಯುತ್ತಿದ್ದರು. ಅಂದಿನಿಂದ ಊರಲ್ಲಿ ನನಗೆ 'ಅರ್ಧಾಯುಷ್ಯದ ಮೇಷ್ಟ್ರು' ಎಂದೇ ಹೆಸರಾಯಿತು.

ಹೋದ ಚಳಿಗಾಲದಲ್ಲಿ ನಂಜತ್ತೆ ತೀರಿಕೊಂಡಳು. ಮೊನ್ನೆ ಹೋದಾಗ ಪಾಪತ್ತೆ ಹಿದುಕಿದ ಬೇಳೆ ಸಾರು ಬಡಿಸಿದಳು. ಚೆನ್ನಾಗಿದೆ ಅಂದೆ.

ಅವಳೂ ಒಂದು ತುತ್ತು ತಿಂದು, ಗೋಡೆಯ ಮೇಲಿದ್ದ ಅಕ್ಕನ ಫೋಟೋ ಕಡೆ ನೋಡಿದಳು. "ಸುಳ್ಳು ಹೇಳ್ಬ್ಯಾಡ ಕಣ್ಲಾ, ನೀರಂಗೈತೆ. ಅಂಗಂತ ಅಂದ್ರೂ ಸಿಟ್ಟು ಮಾಡ್ಕೊಳ್ಳಾಕೆ ಈಗ ಯಾರವ್ರಲಾ?"