ಗಾಡಿ ಹೂಂ ಅಂದ ಮೇಲೆ ಊಟ

ಪಾಯಪ್ಪ ಭಾವ ಗಾಡಿಯ ಅಪ್ಪಣೆಯಿಲ್ಲದೆ ಊಟಕ್ಕೆ ಕೂರುತ್ತಿರಲಿಲ್ಲ. ಶೇಡಬಾಳದ ಅವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿದು ಒಲೆ ಆರಬೇಕು. ಅದಕ್ಕೂ ಮೊದಲು ಭಾವ ಮೆಟ್ಟಿಲ ಮೇಲೆ ನಿಂತು, ಬೇವಿನ ಮರದ ಕೆಳಗಿನ ಬಿಳಿ ಕಾರಿನ ಕಡೆ ರಿಮೋಟ್ ಹಿಡಿದು ಒಮ್ಮೆ ಒತ್ತುತ್ತಿದ್ದರು. ಹಳದಿ ದೀಪ ಮಿನುಗಿ ಕಾರು ‘ಕುಂಯ್’ ಎನ್ನುತ್ತಿತ್ತು.

“ಹೂಂ ಅಂತು ನೋಡ. ಬಡಸ ಇನ್ನ,” ಎಂದು ನನ್ನ ಅಕ್ಕ ಪದ್ಮಳಿಗೆ ಕೂಗಿ ಹೇಳುತ್ತಿದ್ದರು. ಕಣ್ಣು ಮಂಜಾದ ಮೇಲೆ ಓಡಿಸುವುದನ್ನು ಬಿಟ್ಟಿದ್ದರು. ಬೀಗ ಹಾಕುವುದನ್ನು ಬಿಟ್ಟಿರಲಿಲ್ಲ.

ನಮ್ಮ ಜೈನ ಮುನಿಗಳು ಆಹಾರಕ್ಕೆ ಹೊರಡುವಾಗ ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಳ್ಳುತ್ತಾರೆ. ಅದು ಕಂಡ ಬಾಗಿಲಲ್ಲಿ ಆಹಾರ. ಕಾಣದಿದ್ದರೆ ಅಂದು ಉಪವಾಸ. ಆಹಾರಕ್ಕೆ ಬರಮಾಡಿಕೊಳ್ಳಲು ಕಲಶ ಹಿಡಿದು ಅವರ ದಾರಿ ಕಾಯುತ್ತಲೇ ಮುದುಕರಾದ ಭಾವ, ತಾವೂ ಒಂದು ನಿಯಮ ಹಿಡಿದರು. ದಿನಕ್ಕೊಂದೇ ಊಟ, ಅದೂ ಗಾಡಿ ಉತ್ತರ ಕೊಟ್ಟರೆ.

“ಸ್ವಾಮಿಗಳ ಗುರ್ತ ಗುಟ್ಟ. ನಂದು ಓಣಿಗೆಲ್ಲಾ ಕೇಳ್ತೈತಿ,” ಎಂದು ನಗುತ್ತಿದ್ದರು.

ರಿಮೋಟ್ ಕಲ್ಲಿನ ಮೇಲೆ ಬಿದ್ದು ಒಡೆಯುವವರೆಗೆ ನಾವೂ ನಕ್ಕೆವು. ಭಾವ ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದರು. ಆಮೇಲೆ ಕಾರು ಒಂದು ಸಂಜೆ ಉತ್ತರ ಕೊಟ್ಟರೆ ಇನ್ನೊಂದು ಸಂಜೆ ಸುಮ್ಮನಿರುತ್ತಿತ್ತು. ಸುಮ್ಮನಿದ್ದ ಸಂಜೆ ಭಾವ ಕಾಲು ತೊಳೆದು ಒಳಗೆ ಹೋಗಿ ಮಲಗುತ್ತಿದ್ದರು. ಅಂಗಿ ಮೈಮೇಲೆ ಜೋತುಬಿತ್ತು. ಅಕ್ಕ ಫೋನಿನಲ್ಲಿ ಅತ್ತಳು.

ನಾನು ಚಿಕ್ಕೋಡಿಯ ದವಾಖಾನೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಮಾತ್ರೆ, ಊಟ, ನಿದ್ದೆ ಎಲ್ಲಕ್ಕೂ ಹೊತ್ತು ಗೊತ್ತುಮಾಡಿ ಬದುಕಿದವಳು. ಬೆಳಗಿನ ಬಸ್ಸಿಗೇ ಬಂದು ರಿಮೋಟಿನ ಸೆಲ್ ಬದಲಿಸಿದೆ. ಆದರೂ ಸಂಜೆ ಭಾವ ಒತ್ತಿದಾಗ ಕಾರು ಸುಮ್ಮನೇ ಇತ್ತು.

“ಇನ್ನೊಮ್ಮೆ ಒತ್ತರಿ ಭಾವ.”

“ಒಮ್ಮೆ ಕೇಳಬೇಕ ಸಿಸ್ಟರಬಾಯಿ. ಇಲ್ಲ ಅಂದ ಮ್ಯಾಲ ಗೋಗರಿಯಬಾರದ.”

ಮರುದಿನ ಕುಡಚಿಯಿಂದ ಇಮ್ರಾನ್ ಎಂಬ ರಿಪೇರಿಯವನನ್ನು ಕರೆಸಿದೆ. ಅವನು ಕಾರಿನಲ್ಲಿ ಕೂತು, ಹೊಸ ರಿಮೋಟಿನ ಗುರುತನ್ನು ಗಾಡಿಗೆ ಕಲಿಸುವ ಮೊದಲು ಕೇಳಿದ: “ಇದ್ದಬದ್ದ ರಿಮೋಟ್ ಎಲ್ಲಾ ತರ್ರಿ. ಈಗ ಹಾಜರಿಲ್ಲದ್ದನ್ನ ಗಾಡಿ ಮರತ ಬಿಡ್ತೈತಿ.”

ಭಾವ ಹಳೆಯದನ್ನು ಚಾಚಿದರು. ಇಮ್ರಾನ್ ಒತ್ತಿ ಒತ್ತಿ ನೋಡಿ ತಲೆಯಾಡಿಸಿದ. “ಇದು ಸೇರಂಗಿಲ್ರಿ ಕಾಕಾ. ಸತ್ತೈತಿ.”

“ಅಂದ್ರ ಇನ್ನ ಇದು ಕರದರ ಗಾಡಿಗೆ ಗುರ್ತ ಸಿಗಂಗಿಲ್ಲ?”

“ಸಾಧ್ಯನ ಇಲ್ರಿ.”

ಭಾವ ಹೊಸದನ್ನು ಅಕ್ಕನ ಕೈಗಿಟ್ಟರು. “ಇದು ನಿಂದು. ನಾ ನೇಮ ಹಿಡದದ್ದು ಇದರ ಮ್ಯಾಲ,” ಎಂದು ಹಳೆಯದನ್ನು ಜೇಬಿಗೆ ಹಾಕಿಕೊಂಡರು.

ಅಂದು ಸಂಜೆ ನಾನು ಅಡಿಗೆಮನೆಯ ಕಿಟಕಿಯಲ್ಲಿ ಹೊಸ ರಿಮೋಟನ್ನು ಸೆರಗಿನೊಳಗೆ ಹಿಡಿದು ನಿಂತೆ. ಒತ್ತುವಾಗ ಭಾವನ ಬಲ ಹೆಗಲು ತುಸು ಏರುತ್ತದೆ. ಏರಿತು, ನಾನೂ ಒತ್ತಿದೆ. ಕುಂಯ್. ಭಾವ ಬಹಳ ಹೊತ್ತು ಕಾರನ್ನೇ ನೋಡಿದರು. ಆಮೇಲೆ ಒಳಗೆ ಬಂದು ಎರಡು ಜೋಳದ ಭಕ್ರಿ ಉಂಡರು.

ನಾನು ಊರಿಗೆ ಮರಳಿದ ಮೇಲೆ ಅಕ್ಕ ಆ ಕೆಲಸ ಹಿಡಿದಳು. ಒಂದು ದಿನವೂ ತಪ್ಪಿಸಲಿಲ್ಲ. ಭಾವನ ಗಲ್ಲ ತುಂಬಿತು.

ಚಳಿ ಶುರುವಾದಾಗ ಮತ್ತೆ ಹೋದೆ. ಸಂಜೆ ಅಕ್ಕ ಭಕ್ರಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಹೊರಗೆ ಕಾರು ‘ಕುಂಯ್’ ಎಂದಿತು. ಅಕ್ಕನೇ ಒತ್ತಿರಬೇಕು ಎಂದು ತಲೆ ಎತ್ತಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಎರಡೂ ಕೈ ಹಿಟ್ಟಿನಲ್ಲಿದ್ದವು. ಹೊಸ ರಿಮೋಟ್ ನಮ್ಮಿಬ್ಬರ ನಡುವೆ ಗೋಡೆಯ ಮೊಳೆಗೆ ತೂಗುತ್ತಿತ್ತು. ಹೆಂಚಿನ ಮೇಲಿನ ಭಕ್ರಿ ಸೀದು ವಾಸನೆ ಬಂತು.

ಭಾವ ಹಳೆಯ ರಿಮೋಟ್ ಹಿಡಿದೇ ಬಾಗಿಲಿಗೆ ಬಂದು ನಿಂತರು.

“ಇವತ್ತ ನೀವು ಒತ್ತಲಿಲ್ಲ, ಹೌದಲ್ಲ?”

ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

“ನೀವು ಒತ್ತಿದ ದಿನ ನಿಮ್ಮ ಸಲುವಾಗಿ ಉಂಡೆ. ನೇಮ ಮುರದ ಪಾಪ ನನಗಿರಲಿ, ಇಕಿ ಅಳೂದು ಬ್ಯಾಡ ಅಂತ.” ಅಕ್ಕನತ್ತ ನೋಡಿ ನಕ್ಕರು. “ಇವತ್ತ ಗಾಡೀನ ಹೂಂ ಅಂತು. ಬಡಸ ಬೇ, ಸೀದದ್ದೂ ಇರಲಿ.”

ನಿಧಾನವಾಗಿ, ಹೊಟ್ಟೆ ತುಂಬ ಉಂಡರು. ಬೆಳಿಗ್ಗೆ ಏಳಲಿಲ್ಲ.

ಕಾರು ಬೇವಿನ ಕೆಳಗೇ ಇದೆ. ಹೊಸ ರಿಮೋಟ್ ಮೊಳೆಯಲ್ಲೇ ಇದೆ, ಯಾರೂ ಮುಟ್ಟುವುದಿಲ್ಲ. ನಾನು ಹೋದಾಗಲೆಲ್ಲ ನೋಡುತ್ತೇನೆ: ಹೊತ್ತು ಇಳಿಯುವಾಗ ಅಕ್ಕ ತಾಟು ಮುಂದಿಟ್ಟುಕೊಂಡು, ಕೈ ತಡೆದು ಕೂರುತ್ತಾಳೆ. ಊಟದ ಹೊತ್ತು ಎಂದೂ ಮೀರಗೊಡದ ನಾನು, ಉಣ್ಣು ಎನ್ನುವುದಿಲ್ಲ. ನಾನೂ ಬೇವಿನ ಮರದ ಕಡೆ ಕಿವಿಗೊಟ್ಟು ಕೂರುತ್ತೇನೆ.