ಒಂದು ಕಿಲೋಮೀಟರಿಗೆ ಎಷ್ಟು ಕರೆಂಟು

ಗುರುಬಾಯಕ್ಕ ಕಾರಿನ ಮುಂದಿನ ಸೀಟಿನಲ್ಲಿ ಕೂತರೆ ರಸ್ತೆಯನ್ನೇ ನೋಡುತ್ತಿರಲಿಲ್ಲ. ಎಮ್ಮೆ ಅಡ್ಡ ಬರಲಿ, ಲಾರಿ ಮೈಮೇಲೆ ಬರಲಿ, ಅದೆಲ್ಲ ನನ್ನ ಪಾಲಿನ ಕೆಲಸ. ಆಕೆಯ ಕಣ್ಣು ಸ್ಟೇರಿಂಗಿನ ಹಿಂದಿನ ಗಾಜಿನಲ್ಲಿ ಮೂಡುವ ಒಂದೇ ಒಂದು ಅಂಕಿಯ ಮೇಲೆ. ಕತ್ತು ನನ್ನ ಕಡೆ ವಾಲಿಸಿ, ಸೆರಗು ಕಿವಿಯ ಹಿಂದೆ ಸಿಗಿಸಿ, ಹಂಚಿನ ಮೇಲಿನ ರೊಟ್ಟಿ ಉಬ್ಬುವುದನ್ನು ಕಾಯುವ ಹಾಗೆ ಅದನ್ನು ಕಾಯುತ್ತಿದ್ದಳು. ಅಂಕಿ ಏರಿತೋ, ನಾಲಿಗೆಯಿಂದ 'ಚ್ಚ್' ಎಂದು ಸಣ್ಣ ಸದ್ದು. ಮೂರು ವರ್ಷ ನನ್ನ ಬಲಗಾಲು ಆ ಸದ್ದಿಗೆ ಹೆದರಿಕೊಂಡೇ ಬದುಕಿತು.

ಆಕೆ ನರೋಣಾದ ಹೆಂಗಸು. ಓದಿದ್ದು ನಾಲ್ಕನೇ ಇಯತ್ತೆ. ಹನ್ನೊಂದು ಮಂದಿ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಒಂದು ತಗಡಿನ ಶೆಡ್ಡಿನಲ್ಲಿ ಜೋಳದ ರೊಟ್ಟಿ ಮಾಡಿಸುತ್ತಿದ್ದಳು. ಕಲಬುರಗಿಯ ಖಾನಾವಳಿಗಳಿಗೆ ಆ ರೊಟ್ಟಿ ಮುಟ್ಟಿಸುತ್ತಿದ್ದವನು ನಾನು, ನನ್ನ ಡೀಸೆಲ್ ಟೆಂಪೋದಲ್ಲಿ. ಆ ಹೆಣ್ಣುಮಕ್ಕಳು ದುಡಿದದ್ದನ್ನೆಲ್ಲ ಡೀಸೆಲ್ಲೇ ತಿನ್ನುತ್ತದೆ ಎಂದು ಒಂದು ದಿನ ಆಕೆ ಯಾರೋ ಸಾಹೇಬರು ಓಡಿಸಿ ಬಿಟ್ಟ ಸಣ್ಣ ಎಲೆಕ್ಟ್ರಿಕ್ ಕಾರೊಂದನ್ನು ಕೊಂಡುಕೊಂಡಳು. ಹಿಂದಿನ ಸೀಟು ಕಿತ್ತು ಬುಟ್ಟಿ ಇಡಲು ಜಾಗ ಮಾಡಿಸಿದಳು. ಮೊಬೈಲಿನ ಹಾಗೆ ಚಾರ್ಜಿಗೆ ಹಾಕುವ ಗಾಡಿಯನ್ನು ನಾನು ಓಡಿಸುವುದಿಲ್ಲ ಎಂದೆ. ಹಾಗಾದರೆ ನಾನೇ ಕಲಿಯುತ್ತೇನೆ ಎಂದಳು. ಆಕೆ ಕಲಿತೇ ಬಿಡುತ್ತಾಳೆ ಎಂದು ಗೊತ್ತಿದ್ದರಿಂದ ಮರುದಿನ ಕೀಲಿ ನಾನೇ ಇಸಿದುಕೊಂಡೆ.

ಟೆಂಪೋ ಓಡಿಸುವವರಿಗೆ ಇರುವುದು ಒಂದೇ ಮಾನ, ಎವರೇಜ್. ಲೀಟರಿಗೆ ಎಷ್ಟು ಕೊಡುತ್ತದೆ? ಅಂಕಿ ದೊಡ್ಡದಿದ್ದಷ್ಟೂ ಮೀಸೆ ಮೇಲೆ. ಈ ಕಾರಿನ ಗಾಜಿನಲ್ಲಿ ಮೊದಲ ದಿನ ನೂರಾ ಹದಿನೆಂಟು ಎಂದಿತ್ತು. ಇದರ ಎವರೇಜನ್ನು ಏರಿಸಿ ತೋರಿಸುತ್ತೇನೆ ಎಂದು ಹಟ ಹಿಡಿದೆ. ಏಸಿ ಹಾಕಿ ಜೋರಾಗಿ ಓಡಿಸಿದಾಗೆಲ್ಲ ಅಂಕಿ ಏರುವುದು ಕಂಡು ನನಗೆ ಭಾರಿ ಖುಷಿ. ವಾರದಲ್ಲಿ ನೂರಾ ಅರವತ್ತೈದು ಮುಟ್ಟಿಸಿದೆ. ಚಹಾದಂಗಡಿಯಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೂ ಬಂದೆ. ಆ ಸಂಜೆ ಬ್ಯಾಟರಿ ಬರಿದಾಗಿ ಕಾರು ಊರ ಹೊರಗೆ ನಿಂತುಬಿಟ್ಟಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದೆವು.

ಗುರುಬಾಯಕ್ಕ ಬೈಯಲಿಲ್ಲ. ಕಾರು ಮಾರಿದ ಸಾಹೇಬರಿಗೆ ಫೋನ್ ಹಚ್ಚಿ ಆ ಅಂಕಿ ಏನೆಂದು ವಿಚಾರಿಸಿದಳು. ಅದು ವಾಟ್-ಅವರ್, ಅಂಥವು ಸಾವಿರ ಕೂಡಿದರೆ ಮನೆಯ ಮೀಟರಿನ ಒಂದು ಯುನಿಟ್, ಒಂದು ಕಿಲೋಮೀಟರಿಗೆ ಅಂಥವು ಎಷ್ಟು ಬೇಕಾದವು ಎಂದು ಗಾಜು ತೋರಿಸುತ್ತದೆ ಎಂದರಂತೆ. ಯುನಿಟ್ ಎಂದರೇನು ಎಂದು ಆಕೆಗೆ ಯಾರೂ ಹೇಳಬೇಕಿರಲಿಲ್ಲ. ಹಿಟ್ಟಿನ ಗಿರಣಿಯ ಮೀಟರನ್ನು ದಿನಾ ನೋಡುವ ಕಣ್ಣು. ಫೋನ್ ಇಟ್ಟು ನನ್ನನ್ನು ಕರೆದಳು.

"ಶರಣು, ಟೆಂಪೋದಾಗ ನೀ ನೋಡ್ತಿದ್ದುದು ಒಂದು ಶೇರು ಹಿಟ್ಟಿಗೆ ಎಷ್ಟು ರೊಟ್ಟಿ ಅಂತ. ಇದು ಹೇಳಾಕತ್ತದ್ದು ಒಂದು ರೊಟ್ಟಿಗೆ ಎಷ್ಟು ಹಿಟ್ಟು ಅಂತ. ವಾರದಿಂದ ದಪ್ಪ ದಪ್ಪ ರೊಟ್ಟಿ ಬಡದು ಊರ ತುಂಬ ಹೇಳಿಕೋತ ಅಡ್ಯಾಡೀಯಲ್ಲೋ ತಮ್ಮಾ."

ಹನ್ನೊಂದೂ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಆವತ್ತು ತಲೆಗೆ ಹೋದ ಲೆಕ್ಕ ಮತ್ತೆ ಯಾವತ್ತೂ ಕೆಳಗಿಳಿಯಲಿಲ್ಲ.

ಆಮೇಲೆ ಜೇವರ್ಗಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಆರ್ಡರು ಬಂತು. ಹದಿನೈದು ದಿನ ತಪ್ಪದೆ ಮಧ್ಯಾಹ್ನ ಒಂದು ಗಂಟೆಯೊಳಗೆ ಬಿಸಿ ರೊಟ್ಟಿ ಮುಟ್ಟಿಸಿದರೆ ವರ್ಷವಿಡೀ ನಿಮ್ಮದೇ ಎಂದು ವಾರ್ಡನ್ ಬಾಯಿ ಹೇಳಿದ್ದರು. ಒಂದು ದಿನ ತಪ್ಪಿದರೂ ಬೇರೆಯವರಿಗೆ. ಅದು ಸಿಗದಿದ್ದರೆ ನಮ್ಮ ಹನ್ನೊಂದರಲ್ಲಿ ಐದು ಮಂದಿ ಕೂಸುಕುನ್ನಿ ಕಟ್ಟಿಕೊಂಡು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೊರಡುವವರಿದ್ದರು. ಅವರ ಗಂಟುಮೂಟೆ ಅರ್ಧ ಕಟ್ಟಿ ಆಗಿತ್ತು.

ಹದಿನಾಲ್ಕು ದಿನ ಮುಟ್ಟಿಸಿದೆವು. ಹದಿನೈದನೆಯ ದಿನ ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಹೋಗಿ ಬೆಳಿಗ್ಗೆ ಬ್ಯಾಟರಿ ಬರೀ ನಲವತ್ತು ಪರ್ಸೆಂಟಿಗೆ ನಿಂತಿತ್ತು. ಇನ್ನು ಐವತ್ತಮೂರು ಕಿಲೋಮೀಟರ್ ಹೋಗುತ್ತೇನೆ ಎಂದು ಗಾಜು ಹೇಳುತ್ತಿತ್ತು. ನಮಗೆ ಬೇಕಾದದ್ದು ಎಪ್ಪತ್ತೈದು. ಕಲಬುರಗಿಯಲ್ಲಿ ಚಾರ್ಜಿಗೆ ನಿಂತರೆ ಒಂದು ತಾಸು ಹೋಗಿ ಊಟದ ಹೊತ್ತು ತಪ್ಪುತ್ತದೆ. ವಾರ್ಡನ್ ಬಾಯಿಗೆ ಫೋನ್ ಮಾಡಿ ಅರ್ಧ ತಾಸು ಕೇಳೋಣ ಎಂದೆ.

"ಹಸಿದ ಹುಡುಗ್ಯಾರಿಗೆ ನಮ್ಮ ಬ್ಯಾಟರಿ ಸುದ್ದಿ ಹೇಳೂದೇನು?" ಎಂದು ಆಕೆ ಸೀಟಿನಲ್ಲಿ ಕೂತೇಬಿಟ್ಟಳು. "ಆ ಐವತ್ತಮೂರು ನಿನ್ನೆ ನೀ ಹೊಡೆದ ಲೆಕ್ಕ. ಇವತ್ತ ಹ್ಯಾಂಗ ಹೊಡೀತಿ ಅಂತ ಅದಕ್ಕೇನ ಗೊತ್ತು? ಇಪ್ಪತ್ತು ಯುನಿಟ್ಟಿನ ಬ್ಯಾಟರಿ, ಇನ್ನಾ ಎಂಟು ಯುನಿಟ್ ಅದ. ಅಂಕಿ ನೂರರ ಒಳಗ ಇಡು. ಎಪ್ಪತ್ತೈದಕ್ಕ ಏಳೂವರಿ ಯುನಿಟ್ ಸಾಕು."

ಏಸಿ ಬಂದ್. ವೇಗ ನಲವತ್ತೈದರ ಮೇಲೆ ಏರುವಂತಿಲ್ಲ. ಮುಂದೆ ಗಾಡಿ ನಿಧಾನವಾದರೆ ಬ್ರೇಕ್ ತುಳಿಯದೆ ದೂರದಿಂದಲೇ ಕಾಲು ತೆಗೆಯಬೇಕು. ಅಕ್ಟೋಬರ್ ತಿಂಗಳ ಬಿಸಿಲು ಹೊರಗೆ, ಬಿಸಿ ರೊಟ್ಟಿಯ ಬುಟ್ಟಿಗಳು ಬೆನ್ನಿಗೆ. ಸೈಕಲ್ ಮೋಟರಿನವರೆಲ್ಲ ನಮ್ಮನ್ನು ದಾಟಿ ತಿರುಗಿ ನೋಡಿ ಹೋಗುತ್ತಿದ್ದರು. ನನ್ನಂಥ ಡ್ರೈವರಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಕಲಬುರಗಿಯ ಖಾನಾವಳಿಗಳಿಗೆ ಬುಟ್ಟಿ ಇಳಿಸಿ ಊರು ದಾಟುವಾಗ ಉಳಿದ ದಾರಿ ನಲವತ್ತು, ಗಾಜು ಹೇಳುವುದು ನಲವತ್ತಾರು. ಗೆದ್ದೆ ಎಂದುಕೊಂಡು ಕಾಲು ಒತ್ತಿದೆ. ಅಂಕಿ ನೂರು ಹೋಗಿ ನೂರಾ ಮೂವತ್ತು ಆಯಿತು.

ಈ ಸಲ 'ಚ್ಚ್' ಬರಲಿಲ್ಲ. ಗುರುಬಾಯಕ್ಕ ಹಣೆಯ ಮೇಲಿನ ದೊಡ್ಡ ಟಿಕಳಿ ಕಿತ್ತು, ಕೈ ಚಾಚಿ, ಆ ನಲವತ್ತಾರರ ಮೇಲೆ ಅಂಟಿಸಿಬಿಟ್ಟಳು.

"ಇದು ನಿನ್ನ ಹೊಗಳಾಕತ್ತದ. ಹೊಗಳೋರ ಮಾರಿ ನೋಡಿಕೋತ ಕುಂತ್ರ ಜೇವರ್ಗಿ ಬರೂದಿಲ್ಲ."

ಭೀಮಾ ಸೇತುವೆಯ ಮೇಲೆ ಎದುರುಗಾಳಿ ಹೊಡೆಯಿತು. ವೇಗ ನಲವತ್ತಕ್ಕೆ ಇಳಿಸಿದೆ. ಹಾಸ್ಟೆಲ್ಲಿನ ಗೇಟು ಹೊಕ್ಕಾಗ ಹನ್ನೆರಡು ಐವತ್ತು, ಬ್ಯಾಟರಿಯಲ್ಲಿ ಎರಡು ಪರ್ಸೆಂಟು. ವಾರ್ಡನ್ ಬಾಯಿ ಗಡಿಯಾರ ನೋಡಿ ತಾವೇ ಒಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಅಲ್ಲೇ ಚಾರ್ಜು ಮಾಡಿಕೊಂಡು ಊರಿಗೆ ಬಂದು, ವರ್ಷವಿಡೀ ನಮ್ಮದೇ ಎಂಬ ಸುದ್ದಿ ಹೇಳಿದಾಗ ಆ ಐದು ಮಂದಿ ಕಟ್ಟಿದ್ದ ಗಂಟು ಬಿಚ್ಚಿದರು. ನನಗೆ ಅಳು ಬಂತು, ಕಣ್ಣಿಗೆ ಹೊಗೆ ಹೋಯಿತು ಎಂದು ಸುಳ್ಳು ಹೇಳಿದೆ.

ಅಲ್ಲಿಂದ ಎಲೆಕ್ಟ್ರಿಕ್ ಕಾರು ಕೊಂಡವರೆಲ್ಲ ಆಕೆಯ ಹತ್ತಿರ ಬರತೊಡಗಿದರು. ಅಫಜಲಪುರದ ಮಾಸ್ತರರೊಬ್ಬರು ತಮ್ಮ ಹೊಸ ಕಾರು ಬರೀ ಏಳು ತೋರಿಸುತ್ತದೆ, ನಿಮ್ಮದು ನೂರು ತೋರಿಸುತ್ತದಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಬಂದಿದ್ದರು. ಆಕೆ ಗಾಜಿಗೆ ಮೂಗು ಹಚ್ಚಿ ನೋಡಿ, ನಿಮ್ಮದು ಒಂದು ಯುನಿಟ್ಟಿಗೆ ಎಷ್ಟು ಕಿಲೋಮೀಟರ್ ಎಂದು ಹೇಳುತ್ತದೆ, ಚಿಂತೆ ಬೇಡ ಎಂದಳು. ಮಾಸ್ತರರು ಉಸಿರು ಬಿಟ್ಟರು. ಆದರೆ ಆ ಲೆಕ್ಕಕ್ಕೆ ನಮ್ಮದು ಹತ್ತು, ನೀವು ತುಸು ಮೆಲ್ಲಗೆ ಓಡಿಸಿರಿ ಎಂದೂ ಸೇರಿಸಿದಳು. ಯಾರಿಗೂ ಪೂರ್ತಿ ಸಮಾಧಾನ ಕೊಟ್ಟು ಕಳಿಸುವ ಜೀವ ಅಲ್ಲ ಅದು.

ಕಳೆದ ಚಳಿಗಾಲ ಎದೆನೋವೆಂದು ಕಲಬುರಗಿಯ ದವಾಖಾನೆಗೆ ಸೇರಿಸಿದೆವು. ದಿನಾ ಜೇವರ್ಗಿಯಿಂದ ತಿರುಗಿ ಬರುವಾಗ ಹೋಗಿ ನೋಡುತ್ತಿದ್ದೆ. ಹೇಗಿದ್ದೀರಿ ಎಂದು ನಾನು ಕೇಳುತ್ತಿದ್ದೆ. ಆಕೆಯದು ಒಂದೇ ಪ್ರಶ್ನೆ, ಮುಟ್ಟಿತೇನು? ಕೊನೆಯ ಸಂಜೆ ದನಿ ಬಹಳ ಇಳಿದಿತ್ತು. ಹನ್ನೆರಡೂವರೆಗೇ ಮುಟ್ಟಿತು ಎಂದೆ.

"ನಾಳಿಗೂ ಮುಟ್ಟಬೇಕು," ಎಂದಳು.

"ಮುಟ್ಟಸ್ತೇನ್ರಿ ಅಕ್ಕಾ."

ಮರುದಿನ ಹತ್ತು ಗಂಟೆಗೆ ದವಾಖಾನೆಯಿಂದ ಫೋನ್ ಬಂತು. ಅಷ್ಟು ಹೊತ್ತಿಗೆ ರೊಟ್ಟಿ ಬಡಿದು ಮುಗಿದಿತ್ತು. ಹನ್ನೊಂದೂ ಮಂದಿ ಹಿಟ್ಟಿನ ಕೈಯಲ್ಲೇ ಕೂತು ಅತ್ತರು. ನಾನು ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರಲ್ಲಿ ಹಿರಿಯಳಾದ ಶಾಂತಾಬಾಯಿ ಎದ್ದು, ಕಣ್ಣೊರೆಸಿಕೊಂಡು, ಬುಟ್ಟಿಗಳಿಗೆ ಬಟ್ಟೆ ಕಟ್ಟಿ ಕಾರಿನಲ್ಲಿಟ್ಟಳು. ದವಾಖಾನೆಯ ಮುಂದೆಯೇ ಹಾದು ಹೋದೆ. ನಿಲ್ಲಿಸಲಿಲ್ಲ.

ಹಾಸ್ಟೆಲ್ಲಿನಲ್ಲಿ ಅಡುಗೆಯವಳು ಹೊರಗೆ ಬಂದು ಕಾರಿನೊಳಗೆ ಇಣುಕಿ, ಅಕ್ಕನ ಆರಾಮ ಹೇಗಿದೆ ಎಂದು ಕೇಳಿದಳು. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಇನ್ನೂ ಹತ್ತು ನಿಮಿಷ ಇತ್ತು.

"ಮೊದಲು ಬುಟ್ಟಿ ಇಳಿಸಿಕೋರಿ," ಎಂದೆ. "ಹುಡುಗ್ಯಾರು ಉಂಡ ಮ್ಯಾಲ ಹೇಳ್ತೇನಿ."